ಬಣ್ಣ ಹೋದ ರಿವಾಲ್ವರ್, ಬಿಗಿ ಉಳಿದ ಸಿಲಿಂಡರ್

ಹಳೆಯ ಮಾಲು ಇಡುವ ಅಮೆರಿಕದ ಬಂದೂಕಿನಂಗಡಿಗಳಲ್ಲಿ ಒಂದು ಬಗೆಯ ರಿವಾಲ್ವರ್ ದಶಕಗಳಿಂದ ಬಿಕರಿಯಾಗುತ್ತ ಬಂದಿದೆ. ನಳಿಕೆಯ ತುದಿಯಲ್ಲಿ ಅದರ ನೀಲಿ ಬಣ್ಣ ಉಜ್ಜಿಹೋಗಿ ಉಕ್ಕು ಬೆಳ್ಳಗೆ ಇಣುಕುತ್ತಿರುತ್ತದೆ. ಮರದ ಹಿಡಿಯ ಒಂದು ಬದಿಯ ತುಂಬ ಗೀರುಗಳು; ಕಾರಿನ ಬಾಗಿಲಿಗೆ, ಸೀಟ್ ಬೆಲ್ಟಿಗೆ, ಕುರ್ಚಿಯ ಕೈಗೆ ವರ್ಷಗಟ್ಟಲೆ ತಗುಲಿದ ಗುರುತು. ನೋಡಿದವರಿಗೆ ಎತ್ತಿಕೊಳ್ಳಲೂ ಮನಸ್ಸಾಗದು. ಆದರೆ ವಿಷಯ ಬಲ್ಲವರು ಪಕ್ಕದಲ್ಲಿ ಮಿರುಗುತ್ತಿರುವುದನ್ನು ಬಿಟ್ಟು ಮೊದಲು ಕೈಹಾಕುವುದು ಇದಕ್ಕೇ.

ಅದು ಸ್ಮಿತ್ ಅಂಡ್ ವೆಸನ್ ಕಂಪನಿಯ .38 ಸ್ಪೆಷಲ್ ರಿವಾಲ್ವರ್. 1899ರಲ್ಲಿ ‘ಮಿಲಿಟರಿ ಅಂಡ್ ಪೊಲೀಸ್’ ಎಂಬ ಹೆಸರಿನಿಂದ ಬಂದದ್ದು 1957ರಲ್ಲಿ ‘ಮಾಡೆಲ್ 10’ ಆಯಿತು. ತಯಾರಾದದ್ದು ಅರವತ್ತು ಲಕ್ಷಕ್ಕೂ ಹೆಚ್ಚು. ಇಪ್ಪತ್ತನೆಯ ಶತಮಾನದ ಬಹುಭಾಗ ಅಮೆರಿಕದ ಪೊಲೀಸನ ಸೊಂಟದಲ್ಲಿ ಇದು, ಇಲ್ಲವೇ ಇದರ ಪ್ರತಿಸ್ಪರ್ಧಿ ಕೋಲ್ಟ್ ನೇತಾಡುತ್ತಿತ್ತು. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರ ಜೊತೆ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಅಧಿಕಾರಿಗಳು ಸತ್ತರು. ಆರು ಗುಂಡಿನ ರಿವಾಲ್ವರಿನ ಕಾಲ ಮುಗಿಯಿತೆಂಬ ಮಾತು ಆಮೇಲೆ ಬಲವಾಯಿತು. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಒಂದಾದ ಮೇಲೊಂದು ಇಲಾಖೆ ಹಳೆಯ ರಿವಾಲ್ವರುಗಳನ್ನು ವ್ಯಾಪಾರಿಗಳಿಗೆ ಕೊಟ್ಟು ಹೊಸ ಪಿಸ್ತೂಲು ತೆಗೆದುಕೊಂಡಿತು. ನ್ಯೂಯಾರ್ಕ್ ಪೊಲೀಸರಲ್ಲಿ ಕೆಲವು ಹಳಬರು ಮಾತ್ರ 2018ರವರೆಗೂ ಹಟ ಹಿಡಿದು ರಿವಾಲ್ವರನ್ನೇ ಕಟ್ಟಿಕೊಂಡು ಓಡಾಡಿದರು.

ಇಂಥ ಪೊಲೀಸ್ ಮಾಲಿಗೆ ಬೇಡಿಕೆ ಏಕೆಂದರೆ, ಪೊಲೀಸ್ ರಿವಾಲ್ವರ್ ದಿನವೂ ಹೊರುವ ಆಯುಧ, ವರ್ಷಕ್ಕೆ ಕೆಲವೇ ಸಲ ಗುರಿ ಪರೀಕ್ಷೆಯಲ್ಲಿ ಸಿಡಿಯುವ ಆಯುಧ. ಚರ್ಮದ ಚೀಲಕ್ಕೆ ಉಜ್ಜಿ ಹೊರಮೈ ಮುದಿಯಾಗುತ್ತದೆ, ಒಳಗಿನ ಯಂತ್ರ ಎಳೆಯದಾಗಿಯೇ ಉಳಿದಿರುತ್ತದೆ. ಪಕ್ಕದ ಮಿರುಗುವ ರಿವಾಲ್ವರಿನ ಕಥೆ ಇದಕ್ಕೆ ತಿರುಗುಮುರುಗು ಇರಬಹುದು: ವಾರವಾರವೂ ಬಿರುಸಿನ ಮದ್ದು ತಿಂದು, ಒಳಗೆಲ್ಲ ಸಡಿಲವಾಗಿ, ಮಾರುವ ಮುಂಚೆ ಪಾಲಿಷ್ ಕಂಡದ್ದು. ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಕೊಂಬಿಗೆ ಬಳಿದ ಬಣ್ಣ ನೋಡುತ್ತ ನಿಲ್ಲುವುದಿಲ್ಲ, ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ರಿವಾಲ್ವರಿಗೂ ನಿಜವಾಗಿಯೇ ಹಲ್ಲುಗಳಿವೆ, ಸಿಲಿಂಡರಿನ ಬೆನ್ನಿನಲ್ಲಿ.

ಹಲ್ಲು ನೋಡುವ ಮುಂಚೆ ಮಾಡಬೇಕಾದದ್ದು ಒಂದಿದೆ. ಸಿಲಿಂಡರ್ ತೆರೆದು ಗುಂಡು ಕೂರುವ ಆರೂ ಮನೆಗಳು ಖಾಲಿ ಇವೆಯೇ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಅಂಗಡಿಯವ ಈಗಷ್ಟೇ ನೋಡಿದ್ದರೂ ಸರಿ, ಮತ್ತೊಮ್ಮೆ ನೋಡಬೇಕು. ಖಾಲಿ ರಿವಾಲ್ವರಿನ ಟ್ರಿಗರ್ ಎಳೆಯಲು ಅವನ ಒಪ್ಪಿಗೆಯನ್ನೂ ಕೇಳಬೇಕು, ಏಕೆಂದರೆ ಕೆಲವು ಹಳೆಯ ಮಾದರಿಗಳಿಗೆ, ಅದರಲ್ಲೂ .22 ರಿವಾಲ್ವರುಗಳಿಗೆ, ಖಾಲಿ ಹೊಡೆತದಿಂದಲೇ ಪೆಟ್ಟಾಗುತ್ತದೆ. ಇನ್ನು ಸಿನಿಮಾದ ಖಳನಾಯಕರಂತೆ ಮಣಿಕಟ್ಟು ಝಾಡಿಸಿ ಸಿಲಿಂಡರನ್ನು ಫಟ್ಟನೆ ಮುಚ್ಚುವವನ ಕೈಯಿಂದ ಬಂದ ರಿವಾಲ್ವರನ್ನು ಕೊಳ್ಳಲೇಬಾರದು ಎಂಬುದು ನನ್ನ ಪಕ್ಕಾ ಅಭಿಪ್ರಾಯ. ಸಿಲಿಂಡರನ್ನು ಹೊತ್ತು ಹೊರಗೆ ತೂಗುವ ಯೋಕ್ ಎಂಬ ತೋಳು ತೆಳ್ಳಗಿನದು; ನಾಲ್ಕು ಸಲ ಹಾಗೆ ಝಾಡಿಸಿದರೆ ಬಾಗುತ್ತದೆ. ಅದು ಬಾಗಿದರೆ ಆರೂ ಮನೆಗಳು ನಳಿಕೆಯ ನೇರದಿಂದ ಜಾರುತ್ತವೆ.

ಟ್ರಿಗರ್ ಎಳೆಯುವಾಗ ಒಳಗೆ ನಡೆಯುವುದು ಒಂದು ಕಟ್ಟುನಿಟ್ಟಿನ ಸರದಿ. ಸಿಲಿಂಡರನ್ನು ಕೆಳಗಿನಿಂದ ಹಿಡಿದುಕೊಂಡ ತಡೆಗೂಟ ಮೊದಲು ತನ್ನ ಕಚ್ಚಿನಿಂದ ಕೆಳಗಿಳಿಯುತ್ತದೆ. ‘ಹ್ಯಾಂಡ್’ ಎಂಬ ಪುಟ್ಟ ಉಕ್ಕಿನ ಪಟ್ಟಿ ಮೇಲೆದ್ದು ಸಿಲಿಂಡರಿನ ಬೆನ್ನ ಹಲ್ಲೊಂದನ್ನು ತಳ್ಳುತ್ತದೆ. ಸಿಲಿಂಡರ್ ಅರವತ್ತು ಡಿಗ್ರಿ ತಿರುಗಿದಾಗ ತಡೆಗೂಟ ಮುಂದಿನ ಕಚ್ಚಿಗೆ ‘ಟಕ್’ ಎಂದು ಬೀಳುತ್ತದೆ. ಆಮೇಲಷ್ಟೇ ಹ್ಯಾಮರ್ ಬಡಿಯಬೇಕು. ತಡೆಗೂಟ ಬೀಳುವ ಮುಂಚೆಯೇ ಹ್ಯಾಮರ್ ಬಡಿದರೆ ಗುಂಡು ನಳಿಕೆಯ ಬಾಯಿಯ ಅಂಚಿಗೆ ಉಜ್ಜಿಕೊಂಡು ನುಗ್ಗುತ್ತದೆ, ಸೀಸದ ಚೂರು ಪಕ್ಕದಲ್ಲಿ ನಿಂತವರ ಕೆನ್ನೆಗೆ ಸಿಡಿಯುತ್ತದೆ. ಈ ಸರದಿಯನ್ನು ಟೈಮಿಂಗ್ ಎನ್ನುತ್ತಾರೆ.

ಪರೀಕ್ಷೆಗೆ ಉಪಕರಣವೇನೂ ಬೇಡ. ಎಡಗೈ ಬೆರಳನ್ನು ಸಿಲಿಂಡರಿಗೆ ಹಗುರವಾಗಿ ಒತ್ತಿ, ಅದರ ತಿರುಗುವಿಕೆಗೆ ಕೊಂಚ ಅಡ್ಡಿಮಾಡುತ್ತ, ಹೆಬ್ಬೆರಳಿನಿಂದ ಹ್ಯಾಮರನ್ನು ಆದಷ್ಟು ನಿಧಾನ ಹಿಂದಕ್ಕೆ ಎಳೆಯಬೇಕು. ಹ್ಯಾಮರ್ ಪೂರ್ತಿ ನಿಲ್ಲುವ ಮುಂಚೆಯೇ ತಡೆಗೂಟದ ‘ಟಕ್’ ಕೇಳಬೇಕು. ಕೇಳದೆ, ಸಿಲಿಂಡರನ್ನು ಬೆರಳಿನಿಂದ ಕೂದಲೆಳೆಯಷ್ಟು ತಳ್ಳಿದ ಮೇಲೆ ಕೇಳಿಸಿದರೆ ಹ್ಯಾಂಡ್ ಅಥವಾ ಹಲ್ಲು ಸವೆದಿದೆ. ಈ ಪರೀಕ್ಷೆ ಆರೂ ಮನೆಗಳಿಗೆ ಆಗಬೇಕು. ಬಹಳಷ್ಟು ಜನ ಒಂದೆರಡು ನೋಡಿ ತೃಪ್ತರಾಗುತ್ತಾರೆ. ಐದು ಮನೆ ಸರಿಯಿದ್ದು ಒಂದೇ ಕೆಟ್ಟಿರುವುದು ಅಪರೂಪವೇನಲ್ಲ. ಆರರಲ್ಲಿ ಪ್ರತಿ ಹಲ್ಲನ್ನೂ ಬೇರೆ ಬೇರೆಯಾಗಿ ಕಡೆದಿರುತ್ತಾರಾದ್ದರಿಂದ ಅವುಗಳ ಆಯುಸ್ಸೂ ಬೇರೆ ಬೇರೆ.

ಆಮೇಲೆ ಬಿಗಿ. ಹ್ಯಾಮರ್ ಇಳಿದ ಮೇಲೂ ಟ್ರಿಗರನ್ನು ಹಿಂದಕ್ಕೇ ಒತ್ತಿಹಿಡಿದು, ಸಿಲಿಂಡರ್ ಎಡಬಲಕ್ಕೆ ಅಲುಗುತ್ತದೆಯೇ ನೋಡಬೇಕು. ಇಲ್ಲಿ ಹೊಸಬರು ಎಡವುತ್ತಾರೆ. ಸ್ಮಿತ್ ಅಂಡ್ ವೆಸನ್ ಸಿಲಿಂಡರಿನಲ್ಲಿ ಒಂದಿಷ್ಟು ಅಲುಗಾಟ ಹುಟ್ಟುಗುಣ. ಗುಂಡು ನಳಿಕೆಗೆ ಇಳಿಯುವಾಗ ತಾನೇ ಸಿಲಿಂಡರನ್ನು ನೇರಕ್ಕೆ ಎಳೆದುಕೊಳ್ಳಲಿ ಎಂಬ ಲೆಕ್ಕ ಅದು. ಕೋಲ್ಟ್ ಕಂಪನಿಯ ಹಳೆಯ ಪೈಥಾನ್ ಇದಕ್ಕೆ ಪೂರ್ತಿ ವಿರುದ್ಧ. 1955ರಲ್ಲಿ ಬಂದ ಅದರಲ್ಲಿ ಟ್ರಿಗರ್ ಎಳೆದು ಹಿಡಿದಾಗ ಹ್ಯಾಂಡ್ ಸಿಲಿಂಡರನ್ನು ತಡೆಗೂಟದ ಮೇಲೆ ಅದುಮಿಡುತ್ತದೆ, ಇನಿತೂ ಅಲುಗಲು ಬಿಡುವುದಿಲ್ಲ. ಆ ಬಿಗಿಗೇ ಪೈಥಾನ್ ಹೆಸರಾದದ್ದು. ಅದರ ದೌರ್ಬಲ್ಯವೂ ಅದೇ. ಅದುಮಿ ನಿಂತ ಹ್ಯಾಂಡ್ ಪ್ರತಿ ಹೊಡೆತದ ಪೆಟ್ಟಿನಲ್ಲಿ ಪಾಲು ತಿನ್ನುತ್ತದೆ, ಬೇಗ ಸವೆಯುತ್ತದೆ. ಹಾಗಾಗಿ ಪೈಥಾನಿನಲ್ಲಿ ಕಾಣುವ ಚೂರು ಅಲುಗಾಟ ರಿಪೇರಿಯ ಕರೆ. ಅಷ್ಟೇ ಅಲುಗಾಟ ಮಾಡೆಲ್ 10ರಲ್ಲಿ ಕಂಡರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕೋಲ್ಟಿನ ಆ ಹಳೆಯ ಯಂತ್ರವನ್ನು ಕೈಯಲ್ಲಿ ಕೂರಿಸಬಲ್ಲ ಕುಶಲಿಗಳು ಅಮೆರಿಕದಲ್ಲೂ ವಿರಳವಾಗುತ್ತಿದ್ದಾರೆ. 2020ರಲ್ಲಿ ಕಂಪನಿ ಪೈಥಾನನ್ನು ಮರಳಿ ತಂದಾಗ ಒಳಗಿನ ಯಂತ್ರವನ್ನೇ ಬದಲಿಸಿತು. ಹೆಸರು ಒಂದೇ ಆದರೂ ಹಳೆಯದಕ್ಕೆ ಅನ್ವಯಿಸುವ ಮಾತು ಹೊಸದಕ್ಕೆ ಅನ್ವಯಿಸದು.

ಎಡಬಲದ ಅಲುಗಾಟಕ್ಕಿಂತ ಹೆಚ್ಚು ಮಾತಾಡುವುದು ಹಿಂದುಮುಂದಿನ ಅಲುಗಾಟ. ಇದಕ್ಕೆ ಎಂಡ್‌ಶೇಕ್ ಎಂದು ಹೆಸರು. ಪ್ರತಿ ಗುಂಡಿಗೂ ಸಿಲಿಂಡರ್ ಹಿಂದಕ್ಕೆ ಬಡಿದು ಮತ್ತೆ ಮುಂದಕ್ಕೆ ಚಿಮ್ಮುತ್ತದೆ. ಅದು ಮುಂದೆ ಬಂದು ಬಡಿಯುವುದು ಯೋಕಿನ ಕೊಳವೆಯ ತುದಿಗೆ. ಸಾವಿರಾರು ಬಡಿತಗಳಲ್ಲಿ ಆ ತುದಿ ಸವೆದು ಗಿಡ್ಡವಾಗುತ್ತದೆ. ಒಂದು ರಿವಾಲ್ವರ್ ಎಷ್ಟು ಗುಂಡು ಉಗುಳಿದೆ, ಎಷ್ಟು ಖಾರದ ಮದ್ದು ತಿಂದಿದೆ ಎಂಬುದರ ನಂಬಲರ್ಹ ದಾಖಲೆ ಯಾವುದಾದರೂ ಇದ್ದರೆ ಅದು ಇದೇ. ಮಾಲೀಕರ ಬಾಯಿಮಾತಿಗಿಂತ ನಾನು ಇದನ್ನು ನಂಬುತ್ತೇನೆ. ‘ಅಪ್ಪ ಒಂದೇ ಡಬ್ಬಿ ಹೊಡೆದಿದ್ದು’ ಎಂಬ ಕಥೆ ಹೇಳುವವರಿಗೆ ಖರ್ಚೇನೂ ಇಲ್ಲವಲ್ಲ.

ಅಳೆಯಲು ಬೇಕಾದದ್ದು ಫೀಲರ್ ಗೇಜ್. ಸ್ಕೂಟರಿನ ಟ್ಯಾಪೆಟ್ ಹೊಂದಿಸುವ ಮೆಕ್ಯಾನಿಕ್ಕಿನ ಡಬ್ಬಿಯಲ್ಲಿ ಇರುತ್ತದಲ್ಲ, ಅದೇ ತೆಳು ಉಕ್ಕಿನ ಎಲೆಗಳ ಕಟ್ಟು. ಸಿಲಿಂಡರಿನ ಮುಖಕ್ಕೂ ನಳಿಕೆಯ ಹಿಂತುದಿಗೂ ನಡುವೆ ಒಂದು ಸಂದು ಇದ್ದೇ ಇರುತ್ತದೆ, ಇಲ್ಲದಿದ್ದರೆ ಸಿಲಿಂಡರ್ ತಿರುಗದು. ಸಿಲಿಂಡರನ್ನು ಹಿಂದಕ್ಕೆ ಒತ್ತಿ ಆ ಸಂದನ್ನು ಅಳೆಯಬೇಕು, ಮುಂದಕ್ಕೆ ಒತ್ತಿ ಮತ್ತೆ ಅಳೆಯಬೇಕು. ಎರಡು ಅಳತೆಗಳ ನಡುವಿನ ವ್ಯತ್ಯಾಸವೇ ಎಂಡ್‌ಶೇಕ್. ಸಂದು 0.10ರಿಂದ 0.20 ಮಿಲಿಮೀಟರ್ ಒಳಗಿದ್ದರೆ ಸೊಗಸು. 0.25 ದಾಟಿದರೆ ಬಿಸಿ ಅನಿಲ ಪಕ್ಕಕ್ಕೆ ಜೋರಾಗಿ ಸೋರುತ್ತದೆ, ಗುಂಡಿನ ವೇಗವೂ ಸ್ವಲ್ಪ ಇಳಿಯುತ್ತದೆ. ತೀರಾ ಕಡಿಮೆಯಿದ್ದರೂ ಕಷ್ಟವೇ: ಮಸಿ ಕಟ್ಟಿ, ಕಾದು, ಸಿಲಿಂಡರ್ ಸಿಕ್ಕಿಕೊಳ್ಳುತ್ತದೆ. ಎಂಡ್‌ಶೇಕ್ 0.05 ಮಿಲಿಮೀಟರ್ ಇದ್ದರೆ ಯಾವ ಅಡ್ಡಿಯೂ ಇಲ್ಲ. 0.13 ಮುಟ್ಟಿದ್ದರೆ ಕೆಲಸ ಬಂದಿದೆ ಎಂದರ್ಥ.

ಆದರೆ ಆ ಕೆಲಸ ದೊಡ್ಡದಲ್ಲ. ಯೋಕಿನ ತುದಿಗೆ ತೆಳ್ಳನೆಯ ಉಕ್ಕಿನ ಬಳೆಯೊಂದನ್ನು ಸೇರಿಸಿದರೆ ಎಂಡ್‌ಶೇಕ್ ಸರಿಹೋಗುತ್ತದೆ. ಸ್ಮಿತ್ ಅಂಡ್ ವೆಸನ್‌ನಲ್ಲಿ ಸವೆದ ಹ್ಯಾಂಡ್ ತೆಗೆದು ತುಸು ದಪ್ಪನೆಯದನ್ನು ಕೂರಿಸಿದರೆ ಟೈಮಿಂಗ್ ಮರಳುತ್ತದೆ. ಹಳೆಯದನ್ನು ಕೊಳ್ಳುವವರು ಸವೆತ ಕಂಡೊಡನೆ ಬೆಚ್ಚಿ ಹಿಂದೆ ಸರಿಯುವುದು ಏಕೆಂದು ನನಗೆ ಅರ್ಥವಾಗುವುದಿಲ್ಲ. ಸವೆತ ಇದ್ದೇ ಇರುತ್ತದೆ. ಯಾವ ಸವೆತವನ್ನು ಬೆಲೆಯಲ್ಲಿ ಕಳೆಯಬಹುದು, ಯಾವುದು ರಿವಾಲ್ವರನ್ನೇ ಗುಜರಿಗೆ ಕಳಿಸುತ್ತದೆ ಎಂದು ವಿಂಗಡಿಸಲು ಬಂದರೆ ಅರ್ಧ ವಿದ್ಯೆ ಕೈಗೆ ಬಂದಂತೆ.

ಗುಜರಿಗೆ ಕಳಿಸುವ ಸವೆತದ ಹೆಸರಾಂತ ಉದಾಹರಣೆ ಮಾಡೆಲ್ 19. .38 ಸ್ಪೆಷಲ್ ಗುಂಡಿಗೆ ನಿಗದಿಯಾದ ಒತ್ತಡದ ಮಿತಿ ಚದರ ಇಂಚಿಗೆ 17,000 ಪೌಂಡ್, 1935ರಲ್ಲಿ ಹುಟ್ಟಿದ .357 ಮ್ಯಾಗ್ನಮ್‌ಗೆ 35,000. ಎರಡರಷ್ಟಕ್ಕಿಂತ ಹೆಚ್ಚು. ಅಷ್ಟು ಒತ್ತಡಕ್ಕೆ ಮೊದಲು ದೊಡ್ಡ, ಭಾರದ ಚೌಕಟ್ಟನ್ನೇ ಬಳಸುತ್ತಿದ್ದರು. ದಿನವಿಡೀ ಹೊರುವ ಪೊಲೀಸನಿಗೆ ಹಗುರ ಬೇಕು ಎಂದು ಗಡಿ ಗಸ್ತು ಪಡೆಯ ಬಿಲ್ ಜೋರ್ಡನ್ ಒತ್ತಾಯಿಸಿದ ಮೇಲೆ, ಮಾಡೆಲ್ 10ರ ಮಧ್ಯಮ ಚೌಕಟ್ಟಿನಲ್ಲೇ ಮ್ಯಾಗ್ನಮ್ ತುಂಬಿಸಿ 1955ರಲ್ಲಿ ‘ಕಾಂಬ್ಯಾಟ್ ಮ್ಯಾಗ್ನಮ್’ ತಂದರು. ಅದೇ ಮುಂದೆ ಮಾಡೆಲ್ 19. ಅಭ್ಯಾಸಕ್ಕೆ .38, ಸೊಂಟದಲ್ಲಿ ಇಟ್ಟುಕೊಳ್ಳಲು ಮ್ಯಾಗ್ನಮ್ ಎಂಬ ಅಲಿಖಿತ ಒಪ್ಪಂದದ ಮೇಲೆ ಅದು ಚೆನ್ನಾಗಿಯೇ ಬಾಳಿತು.

ಒಪ್ಪಂದ ಮುರಿದದ್ದು ಎಪ್ಪತ್ತರ ದಶಕದಲ್ಲಿ. 1970ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯೂಹಾಲ್ ಬಳಿ ಹೆದ್ದಾರಿ ಗಸ್ತಿನ ನಾಲ್ವರು ಪೊಲೀಸರು ಒಂದೇ ರಾತ್ರಿ ಗುಂಡಿಗೆ ಬಲಿಯಾದರು. ಕೆಲಸದಲ್ಲಿ ಬಳಸುವ ಗುಂಡಿನಲ್ಲೇ ಅಭ್ಯಾಸವೂ ಆಗಬೇಕು ಎಂಬ ನಿಯಮ ಆಮೇಲೆ ಗಟ್ಟಿಯಾಯಿತು. ಜೊತೆಗೇ 125 ಗ್ರೇನ್, ಅಂದರೆ ಸುಮಾರು ಎಂಟು ಗ್ರಾಂ ತೂಕದ ಹಗುರ, ಅತಿ ವೇಗದ ಗುಂಡು ಜನಪ್ರಿಯವಾಯಿತು. ಸಿಲಿಂಡರಿನಿಂದ ಬಂದ ಗುಂಡನ್ನು ಬರಮಾಡಿಕೊಳ್ಳಲು ನಳಿಕೆಯ ಹಿಂತುದಿಯಲ್ಲಿ ಆಲಿಕೆಯಾಕಾರದ ಒಂದು ಬಾಯಿ ಇರುತ್ತದೆ, ಅದು ಫೋರ್ಸಿಂಗ್ ಕೋನ್. ಮಾಡೆಲ್ 19ರಲ್ಲಿ ಯೋಕಿಗೆ ಜಾಗ ಮಾಡಿಕೊಡಲು ಆ ಬಾಯಿಯ ಕೆಳತುಟಿಯನ್ನು ಚಪ್ಪಟೆಯಾಗಿ ಕೆತ್ತಿದ್ದರು. ತೆಳುವಾದ ಆ ತುಟಿಯ ಮೇಲೆ ಉರಿಯುವ ಅನಿಲ, ಉರಿಯದ ಮದ್ದಿನ ಕಣಗಳು ಸಾವಿರಾರು ಸಲ ಎರಚಿ ಕೊನೆಗೊಂದು ದಿನ ಅದು ಗಡಿಯಾರದ ಆರು ಗಂಟೆಯ ಜಾಗದಲ್ಲಿ ಬಿರಿಯಿತು. ಕಂಪನಿ ಎಂಬತ್ತರ ದಶಕದ ಆರಂಭದಲ್ಲಿ ಇನ್ನೂ ದಪ್ಪನೆಯ ಚೌಕಟ್ಟಿನ 586, 686 ಮಾದರಿಗಳನ್ನು ತರಲು ಇದೂ ಕಾರಣ.

ಮಾಡೆಲ್ 19 ಇಂದಿಗೂ ಕೈಗೆ ಹಿತವಾದ ರಿವಾಲ್ವರ್, ಬೇಡಿಕೆಯೂ ಇದೆ. ಅದನ್ನು ಕೊಳ್ಳುವವರು ಸಿಲಿಂಡರ್ ತೆರೆದು, ಸಣ್ಣ ಟಾರ್ಚಿನ ಬೆಳಕು ಬಿಟ್ಟು, ಕೆಳತುಟಿಯನ್ನು ನೋಡಬೇಕು. ಸೀಸ, ಮಸಿ ಮೆತ್ತಿಕೊಂಡಿದ್ದರೆ ಒರೆಸಿ ತೋರಿಸಲು ಹೇಳಬೇಕು, ಏಕೆಂದರೆ ಬಿರುಕು ಅಡಗುವುದು ಅದರಡಿಯಲ್ಲೇ. ಕೂದಲಿನಂಥ ಗೆರೆ ಕಂಡರೂ ರಿವಾಲ್ವರನ್ನು ಮೆಲ್ಲನೆ ಕೆಳಗಿಟ್ಟು ಥ್ಯಾಂಕ್ಸ್ ಹೇಳಿ ಹೊರಡಬಹುದು. ಆ ಹಳೆಯ ನಳಿಕೆಗಳು ಹೊಸದಾಗಿ ಸಿಗುವುದು ದುರ್ಲಭ. ಇದೇ ಟಾರ್ಚು ಹಿಡಿದಿರುವಾಗ ಚೌಕಟ್ಟಿನ ಮೇಲಿನ ಪಟ್ಟಿಯ ಒಳಬದಿಯಲ್ಲಿ, ಸಂದಿನ ನೇರಕ್ಕೆ, ಕೊರೆದಂಥ ಗೆರೆಯೊಂದು ಕಂಡೀತು. ಬಿಸಿ ಅನಿಲ ಉಕ್ಕನ್ನು ಕತ್ತರಿಸಿದ ಗುರುತು ಅದು. ಕಂಡವರು ಹೌಹಾರುತ್ತಾರೆ, ಆದರೆ ಅದು ಒಂದಿಷ್ಟು ಆಳಕ್ಕೆ ಹೋಗಿ ತಾನೇ ನಿಲ್ಲುತ್ತದೆ. ಬಹಳ ಮ್ಯಾಗ್ನಮ್ ತಿಂದಿದೆ ಎಂಬ ಸುಳಿವಾಗಿ ಮಾತ್ರ ಅದನ್ನು ಓದಿಕೊಂಡರೆ ಸಾಕು.

ಹಗುರ ಅಲ್ಯೂಮಿನಿಯಂ ಚೌಕಟ್ಟಿನ ಪುಟ್ಟ ರಿವಾಲ್ವರುಗಳಲ್ಲಿ ನೋಡಬೇಕಾದ ಜಾಗ ಇನ್ನೂ ಸ್ವಲ್ಪ ಕೆಳಗೆ: ನಳಿಕೆಯನ್ನು ತಿರುಪಿ ಕೂರಿಸಿದ ಕಡೆ ಚೌಕಟ್ಟೇ ಬಿರಿದಿರುತ್ತದೆ. ಅದಕ್ಕೂ ಮದ್ದಿಲ್ಲ. ನಳಿಕೆಯನ್ನು ಬೆಳಕಿಗೆ ಹಿಡಿದಾಗ ಒಳಗೆ ಕಪ್ಪು ಉಂಗುರದಂಥ ನೆರಳು ಕಂಡರೆ, ಯಾವಾಗಲೋ ಗುಂಡೊಂದು ಸಿಕ್ಕಿಕೊಂಡು ಅದರ ಹಿಂದೆ ಇನ್ನೊಂದು ಬಂದು ಬಡಿದು ನಳಿಕೆ ಉಬ್ಬಿದೆ.

ಮೋಸದ ಕುರುಹುಗಳ ವಿಷಯಕ್ಕೆ ಬಂದರೆ, ನಾನು ಮೊದಲು ತಿರುಪುಗಳನ್ನು ನೋಡು ಎನ್ನುತ್ತೇನೆ. ತಲೆ ಕಿತ್ತುಹೋದ ತಿರುಪು ಎಂದರೆ ಅಡುಗೆಮನೆಯ ಮೇಜಿನ ಮೇಲೆ ಯಾರೋ ಬಿಚ್ಚಿದ್ದಾರೆ. ಯಂತ್ರವನ್ನು ಮುಚ್ಚಿದ ಪಕ್ಕದ ತಗಡಿನ ಸುತ್ತ ಸಂದು ಕಾಣಿಸುತ್ತಿದ್ದರೆ ಅದನ್ನು ಮೀಟಿ ತೆಗೆದಿದ್ದಾರೆ. ಹಾಗೆ ಬಿಚ್ಚಿದವರು ಸಾಮಾನ್ಯವಾಗಿ ಟ್ರಿಗರನ್ನು ಹಗುರ ಮಾಡಲು ಹೋಗಿರುತ್ತಾರೆ. ಹ್ಯಾಮರ್ ಎಳೆದು ನಿಲ್ಲಿಸಿ, ಟ್ರಿಗರ್ ಮುಟ್ಟದೆ, ಹೆಬ್ಬೆರಳಿನಿಂದ ಹ್ಯಾಮರನ್ನು ಮುಂದಕ್ಕೆ ಒತ್ತಿದಾಗ ಜಾರಿ ಬಿದ್ದರೆ ಅದು ಅಪಾಯದ ವಸ್ತು. ಇನ್ನು ಪಾಲಿಷ್: ಕೆತ್ತಿದ ಅಕ್ಷರಗಳ ಅಂಚು ಕರಗಿದಂತಿದ್ದರೆ, ತಿರುಪಿನ ತೂತುಗಳ ಬಾಯಿ ತಟ್ಟೆಯಂತೆ ತಗ್ಗಿದ್ದರೆ, ಬಣ್ಣ ಎರಡನೆಯದು. ಸ್ಮಿತ್ ಅಂಡ್ ವೆಸನ್‌ನ ನೀಲಿ ರಿವಾಲ್ವರುಗಳಲ್ಲಿ ಹ್ಯಾಮರ್, ಟ್ರಿಗರ್ ಎರಡಕ್ಕೂ ಕಂದುನೀಲಿ ಮೋಡದಂಥ ಬಣ್ಣ ಇರುತ್ತಿತ್ತು. ಅವೂ ಒಂದೇ ನೀಲಿಯಾಗಿದ್ದರೆ ಯಾರೋ ಇಡಿಯಾಗಿ ಮುಳುಗಿಸಿ ತೆಗೆದಿದ್ದಾರೆ. ಹಿಡಿಯ ತಳದ ಸಂಖ್ಯೆ, ಸಿಲಿಂಡರಿನ ಸಂಖ್ಯೆ ಹೊಂದಿದರೆ ಮೂಲ ಜೋಡಿ. ಯೋಕ್ ತೆರೆದಾಗ ಕಾಣುವ ಮಾಡೆಲ್ ಸಂಖ್ಯೆ 1957ರಿಂದೀಚೆಗೆ ಬಂದದ್ದು. ಅದಿಲ್ಲದ ಹಳೆಯವಕ್ಕೆ ಹೆಚ್ಚು ಒತ್ತಡದ ಇಂದಿನ ಗುಂಡು ತುಂಬಬಾರದು.

ಭಾರತದಲ್ಲಿ ಈ ಲೆಕ್ಕಾಚಾರವೆಲ್ಲ ಬೇರೆ ರೂಪ ತಾಳುತ್ತದೆ. ಎಂಬತ್ತರ ದಶಕದಲ್ಲಿ ಖಾಸಗಿಯವರಿಗೆ ವಿದೇಶಿ ಬಂದೂಕಿನ ಆಮದು ಬಹುತೇಕ ನಿಂತುಹೋಯಿತು. ಅದಕ್ಕೂ ಮುಂಚೆ ಬಂದ .32 ವೆಬ್ಲಿ ಅಂಡ್ ಸ್ಕಾಟ್‌ನಂಥ ರಿವಾಲ್ವರುಗಳು ಕೈಯಿಂದ ಕೈಗೆ ದಾಟುತ್ತಲೇ ಇವೆ, ಬೆಲೆ ಏರುತ್ತಲೇ ಇದೆ. ಆ ಬೆಲೆ ಹೆಸರಿಗೆ ಕೊಡುವುದೇ ಹೊರತು ಯಂತ್ರದ ಸ್ಥಿತಿಗಲ್ಲ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಕೂಡ ವೆಬ್ಲಿಯ ದಾರಿಯದೇ: ನಡು ಮುರಿದು ತೆರೆಯುವಂಥದ್ದು. ಈ ಬಗೆಯಲ್ಲಿ ಯೋಕಿನ ಚಿಂತೆ ಇಲ್ಲ. ಮುಂದಿನ ಕೀಲು, ಮೇಲಿನ ಚಿಲಕ ಎರಡೇ ಜೀವಾಳ. ಮುಚ್ಚಿ, ನಳಿಕೆಯನ್ನು ಒಂದು ಕೈಯಲ್ಲಿ, ಹಿಡಿಯನ್ನು ಇನ್ನೊಂದರಲ್ಲಿ ಹಿಡಿದು ಮೆಲ್ಲನೆ ತಿರುಚಿದಾಗ ನಡುವೆ ಕಟಕಟ ಎಂದರೆ ಚಿಲಕ ಸವೆದಿದೆ.

ನಮ್ಮ ಕಡೆ ಗುಂಡಿಗಿಂತ ಹೆಚ್ಚು ರಿವಾಲ್ವರುಗಳನ್ನು ತಿಂದಿರುವುದು ಮಳೆಗಾಲ ಎಂದರೆ ಅತಿಶಯವಾಗದು. ಮಲೆನಾಡು, ಕರಾವಳಿ, ಕೊಡಗಿನ ತೇವದಲ್ಲಿ ಚರ್ಮದ ಚೀಲದೊಳಗೇ ಇಟ್ಟು ಬೀರುವಿಗೆ ಬೀಗ ಹಾಕಿದರೆ ಚರ್ಮ ನೀರು ಹೀರಿ ಉಕ್ಕಿಗೆ ದಾಟಿಸುತ್ತದೆ. ಇದರ ಜೊತೆಗೆ ಚುನಾವಣೆ ಬಂದಾಗಲೆಲ್ಲ ಲೈಸೆನ್ಸಿನ ಆಯುಧಗಳನ್ನು ಠಾಣೆಯಲ್ಲೋ ವ್ಯಾಪಾರಿಯ ಬಳಿಯೋ ಠೇವಣಿ ಇಡಬೇಕಾಗುತ್ತದೆ. ವಾರಗಟ್ಟಲೆ ಎಣ್ಣೆ ಕಾಣದೆ ಚೀಟಿ ಕಟ್ಟಿಸಿಕೊಂಡು ಕೂರುತ್ತವೆ. ಹಾಗಾಗಿ ಇಲ್ಲಿ ಫೀಲರ್ ಗೇಜಿಗಿಂತ ಮೊದಲು ಟಾರ್ಚು ಹಿಡಿಯಬೇಕು. ನಳಿಕೆಯೊಳಗೆ ಅಲ್ಲಲ್ಲಿ ತುಕ್ಕಿನ ಗುಂಡಿ ಬಿದ್ದಿದ್ದರೆ ಗುರಿ ಸ್ವಲ್ಪ ಕೆಡುತ್ತದೆ ಅಷ್ಟೆ. ಸಿಲಿಂಡರಿನ ಮನೆಗಳಲ್ಲಿ ಗುಂಡಿ ಬಿದ್ದಿದ್ದರೆ ಸಿಡಿದ ಕೇಸು ಅಂಟಿಕೊಂಡು ಹೊರಬರದು, ಅದು ದೊಡ್ಡ ದೋಷ. ಹಿಡಿಯ ಮರದ ತುಂಡುಗಳನ್ನು ಬಿಚ್ಚಿಸಿ ಅಡಿಯ ಉಕ್ಕು ನೋಡುವುದನ್ನು ಮರೆಯಬಾರದು. ಹೊರಗೆಷ್ಟೇ ಪಾಲಿಷ್ ಮಾಡಿದ್ದರೂ ಅಲ್ಲಿ ತುಕ್ಕು ಪುಡಿಪುಡಿಯಾಗಿ ಉದುರುವುದುಂಟು.

ಕಾನೂನಿನ ಭಾಗ ಚಿಕ್ಕದು, ಆದರೆ ಅದಿಲ್ಲದೆ ಮಾತೇ ಇಲ್ಲ. ಮಾರುವವರಿಗೂ ಕೊಳ್ಳುವವರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಹಕ್ಕಿರಬೇಕು. ಖಾಸಗಿಯಾಗಿ ಮಾರುವವರು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಬರಹದಲ್ಲಿ ತಿಳಿಸಿ 45 ದಿನ ಕಾಯಬೇಕು. 2019ರ ತಿದ್ದುಪಡಿ ಒಬ್ಬರಿಗೆ ಮೂರರ ಬದಲು ಎರಡೇ ಆಯುಧ ಎಂದಿತು, ಲೈಸೆನ್ಸಿನ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಮೂರನೆಯದನ್ನು ಬಿಟ್ಟುಕೊಡಬೇಕಾಗಿ ಬಂದ ಮನೆಗಳಲ್ಲಿ ಯಾವುದನ್ನು ಉಳಿಸಿಕೊಳ್ಳುವುದು ಎಂಬ ಪ್ರಶ್ನೆಯೂ ಇದೇ ಪರೀಕ್ಷೆಗಳನ್ನು ಕೇಳುತ್ತಿತ್ತು. ಅಜ್ಜನ ಹೆಸರು ನೋಡಿ ತೀರ್ಮಾನಿಸಿದವರೇ ಜಾಸ್ತಿ ಇರಬೇಕು.

ಖಾಲಿ ಯಂತ್ರದ ಪರೀಕ್ಷೆಗಳೆಲ್ಲ ಮುಗಿದ ಮೇಲೂ ಸಿಡಿಸಿ ನೋಡದೆ ತಿಳಿಯದ ಸಂಗತಿಗಳಿವೆ. ಅಧಿಕೃತ ರೇಂಜಿನಲ್ಲಿ ಆರು ಗುಂಡು ಹೊಡೆಯುವ ಅವಕಾಶ ಸಿಕ್ಕರೆ ಗುರಿಹಲಗೆಯತ್ತ ಓಡುವ ಬದಲು ಖಾಲಿ ಕೇಸುಗಳನ್ನು, ಯಾವುದು ಯಾವ ಮನೆಯದು ಎಂದು ಗುರುತು ಹಾಕಿ, ಸಾಲಾಗಿ ಇಟ್ಟುಕೊಳ್ಳಬೇಕು. ಕೇಸಿನ ತಳದ ಪ್ರೈಮರ್ ಮೇಲಿನ ಹೊಡೆತದ ಕುಳಿ ನಟ್ಟನಡುವೆ ಇರಬೇಕು. ಒಂದೇ ಮನೆಯ ಕುಳಿ ಬದಿಗೆ ಸರಿದಿದ್ದರೆ ಆ ಹಲ್ಲು ಸವೆದಿದೆ. ಆರೂ ಒಂದೇ ಕಡೆಗೆ ಸರಿದಿದ್ದರೆ ಹ್ಯಾಂಡ್ ಅಥವಾ ಯೋಕನ್ನು ಅನುಮಾನಿಸಬೇಕು. ಒಂದು ಕೇಸು ಮಾತ್ರ ಹೊರಬರಲು ಹಟ ಮಾಡಿದರೆ ಆ ಮನೆಯಲ್ಲಿ ತುಕ್ಕಿನ ಗುಂಡಿ ಇದೆ, ಇಲ್ಲವೇ ಅದು ಉಬ್ಬಿದೆ. ಬೆಲೆಯ ಮಾತು ಆರಂಭಿಸಲು ಆಗ ಆರು ಹಿತ್ತಾಳೆ ಕೇಸುಗಳು ಕೈಯಲ್ಲಿರುತ್ತವೆ, ಅಂಗಡಿಯವನೂ ಅವನ್ನು ನೋಡಿ ವಾದಿಸಲಾರ.